ಗೇಟಿನ ಮೇಲಿನ ಏಳು ಮಂದಿ

ಲಿಪ್ನಿಕ್, ೧ ಮಾರ್ಚ್

ಮಗಳೇ ರಾಲಿ,

ಭೂಮಂಡಲದ ಸಮಸ್ತ ಪ್ರಜೆಗಳಿಗೂ, ವಿಶೇಷವಾಗಿ ಸೋಫಿಯಾ ನಗರದ ನಾಲ್ಕನೇ ಮಹಡಿಯಲ್ಲಿ ವಾಸವಾಗಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಸೀಸೆ-ಮುಚ್ಚಳದ ಕಾರ್ಖಾನೆಯ ಗೇಟಿನ ಪಕ್ಕದ ಬೆಂಚಿಗೆ ಹಸಿರು ಬಣ್ಣ ಬಳಿಯಲಾಗಿದೆ. ಹದಿನಾಲ್ಕು ವರ್ಷದ ಬೇಡಿಕೆ, ಆರು ಅರ್ಜಿ, ಒಂದು ಸಮಿತಿ. ‘ಬಣ್ಣ ಒಣಗಿಲ್ಲ’ ಎಂಬ ಚೀಟಿಯನ್ನು ಅದೇ ಬೆಂಚಿನ ಮೇಲೆ ಕೂತು ಬರೆದವನು ನಾನು. ಹೀಗಾಗಿ ಕಾವಲುಗಾರನಾದ ನನ್ನ ಸಮವಸ್ತ್ರದ ಹಿಂಭಾಗವೂ ಈಗ ಹಸಿರು.

ಬಣ್ಣ ಬಂದದ್ದು ನನ್ನ ಮೇಲಿನ ಪ್ರೀತಿಗಲ್ಲ. ನಮ್ಮ ಕಾರ್ಖಾನೆಯನ್ನು ಕೊಂಡ ವಿಯೆನ್ನಾದ ಯಜಮಾನರು ಮೇ ತಿಂಗಳಲ್ಲಿ ಪ್ಲೊವ್ದಿವ್‌ನ ಹೋಟೆಲಿನಲ್ಲಿ ಸಮಾವೇಶ ನಡೆಸುತ್ತಾರಂತೆ. ಅಲ್ಲಿ ತೋರಿಸಲು ನಮ್ಮ ಬಗ್ಗೆ ಒಂದು ವಿಡಿಯೊ ಬೇಕಂತೆ. ಈ ಸುದ್ದಿಯನ್ನು ಗೇಟಿಗೆ ತಂದವನು ನಮ್ಮ ನಿರ್ದೇಶಕ, ಇಂಜಿನಿಯರ್ ಕಲ್ಪಾಕೊವ್. ಮಾರ್ಚ್ ಮೊದಲ ದಿನವೆಂದು ಕೋಟಿಗೆ ಕೆಂಪು-ಬಿಳಿ ದಾರದ ಗೊಂಡೆ ಸಿಕ್ಕಿಸಿಕೊಂಡಿದ್ದ. ಮುಖವೂ ಅದೇ ಎರಡು ಬಣ್ಣದಲ್ಲಿತ್ತು.

“ಲಾಲ್ಯು, ಸಿನಿಮಾ ತೆಗೆಯೋಕೆ ಯಾರು ಬರ್ತಿದಾರೆ ಗೊತ್ತೇನೋ? ನಿನ್ ಮಗ್ಳು!”

“ಹಾಗಾದ್ರೆ ಬೆಂಚಿಗೆ ಬಣ್ಣ ದಂಡ. ಅವ್ಳು ಕೂರೋದೇ ಇಲ್ಲ. ಬಂದ ಕಾಲಲ್ಲೇ ಹೊರಡ್ತಾಳೆ,” ಎಂದೆ.

ಇನ್ನೊಂದು ವಿಷಯ. ಗೇಟಿನ ಮೇಲಿನ ಹಾಳೆಗಳಲ್ಲಿ ನಿನ್ನ ಅಮ್ಮನದು ಮಳೆಗೆ ಕೆಳಮೂಲೆ ಬಿಟ್ಟಿದೆ. ತೀರಿಕೊಂಡವರ ಭಾವಚಿತ್ರ, ಹೆಸರು, ಅವರು ಹೋಗಿ ಎಷ್ಟು ವರ್ಷವಾಯಿತೆಂಬ ಅಂಕಿ, ಇವಿಷ್ಟನ್ನು ಅಚ್ಚು ಹಾಕಿಸಿ ಅವರು ಓಡಾಡಿದ ಬಾಗಿಲಿಗೆ ಅಂಟಿಸುವುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಿನಗೆ ಮಾತ್ರ ಕಳೆದ ವರ್ಷ ಹೇಳಿಕೊಡಬೇಕಿತ್ತೇನೋ. ‘ಒಂದು ವರ್ಷ’ದ ಹಾಳೆಯನ್ನು ನಾನೊಬ್ಬನೇ ಅಂಟಿಸಿದೆ. ನೀನು ಹೂವು ಕಳುಹಿಸಿದ್ದೆ. ಹೂವು ತಂದವನು ನನ್ನಿಂದ ಸಹಿ ಹಾಕಿಸಿಕೊಂಡು ಹೋದ.

ಬರುವ ಜೂನ್ ಒಂಬತ್ತಕ್ಕೆ ಎರಡು ವರ್ಷ. ಹಳೆಯ ಹಾಳೆಯ ಜಾಗದಲ್ಲಿ ಹೊಸದು ಬರಬೇಕು. ಗೋಂದು ನಾನು ತರುತ್ತೇನೆ. ನೀನು ನಿನ್ನನ್ನು ತಂದರೆ ಸಾಕು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು “ಹೂಂ ಅಪ್ಪಾ, ಹೂಂ ಅಪ್ಪಾ” ಎನ್ನುತ್ತಾ ಬೇರೆ ಏನೋ ಮಾಡುತ್ತಿರುತ್ತೀ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ. ಎಂದಿನಂತೆ ಡ್ರೈವರ್ ದೆಚ್ಕೊನ ಬಸ್ಸಿನಲ್ಲಿ ಕಳುಹಿಸಿದ್ದೇನೆ. ಜೊತೆಗೆ ಆರು ಸೀಸೆ ಮೆಣಸಿನಕಾಯಿ ಗೊಜ್ಜು, ಮೂರು ಸೀಸೆ ಕಾಡುಪ್ಲಮ್.

ಗೇಟಿನ ಸಮಸ್ತ ಅಧಿಕಾರವುಳ್ಳ,
ನಿನ್ನ ಅಪ್ಪ ಲಾಲ್ಯು


ಸೋಫಿಯಾ, ೧೦ ಮಾರ್ಚ್

ಅಪ್ಪಾ,

ಬೆಂಚಿನ ಸುದ್ದಿ ತಲುಪಿತು. ನಗರದಲ್ಲಿ ಬಾವುಟಗಳು ಹಾರುತ್ತಿವೆ.

ಈಗ ನನ್ನ ಗೋಳು ಕೇಳು. ಪ್ರತಿ ಸಮಾವೇಶಕ್ಕೂ ಒಂದು ‘ಸಂದೇಶ’ ಇರಬೇಕು. ಈ ವರ್ಷದ ಸಂದೇಶ ವಿಯೆನ್ನಾದಿಂದ ಹೀಗೆ ಬಂದಿದೆ: ‘ನಮ್ಮವರು ನಮ್ಮಲ್ಲೇ ಉಳಿಯುತ್ತಾರೆ’. ಜೊತೆಗೆ ನಲವತ್ತೆರಡು ಪುಟದ ಅಂಕಿಅಂಶ. ಅದರಲ್ಲಿ ಹದಿನೇಳನೇ ಪುಟದ ಪ್ರಕಾರ ನಮ್ಮೂರಿನ ನಲವತ್ತರೊಳಗಿನ ಕೆಲಸಗಾರರಲ್ಲಿ ಮುಕ್ಕಾಲು ಪಾಲು ಜರ್ಮನಿಗೆ ಹೋಗಿದ್ದಾರೆ. ಹದಿನೆಂಟನೇ ಪುಟದಲ್ಲಿ ಎರಡು ಕೈಗಳು ಕುಲುಕುವ ಚಿತ್ರವಿದೆ.

ನಾನು ಹೇಳಿದ್ದು ಇಷ್ಟೇ. ಈ ನಲವತ್ತೆರಡು ಪುಟ ಯಾರ ತಲೆಗೂ ಇಳಿಯುವುದಿಲ್ಲ. ಮೂರು ನಿಮಿಷ ಕೊಡಿ, ಒಬ್ಬ ಮನುಷ್ಯನ ಕಥೆ ಹೇಳೋಣ, ಸಭೆ ಅದನ್ನು ಮನೆಗೆ ಕೊಂಡೊಯ್ಯುತ್ತದೆ. ಉದಾಹರಣೆಗೆ ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ಕೂತು, ಮುಚ್ಚಳವನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, “ಇದು ಗಾಳಿ ಬಿಡುತ್ತೆ” ಎಂದು ಪಕ್ಕಕ್ಕೆ ಎಸೆಯುತ್ತಿದ್ದ ಒಬ್ಬ ಹೆಂಗಸಿನ ಕಥೆ.

ನಮ್ಮ ಏಜೆನ್ಸಿಯ ಮುಖ್ಯಸ್ಥ ಕೇಳಿಸಿಕೊಂಡ. ಕಾಫಿ ಕಲಕಿದ. “ರಾಲಿತ್ಸಾ, ಚೆನ್ನಾಗಿದೆ ಕಣಮ್ಮಾ. ಆದ್ರೆ ಆ ಹೆಂಗಸು ಈಗ ಎಲ್ಲಿದಾಳೆ? ಕ್ಯಾಮೆರಾ ಮುಂದೆ ಬರ್ತಾಳಾ?” ಎಂದ.

ಇಲ್ಲ ಎಂದೆ.

“ಹಾಗಾದ್ರೆ ನಿರ್ದೇಶಕರನ್ನೇ ನಿಲ್ಸು. ಹಿಂದೆ ಪಿಯಾನೊ ಹಾಕು. ಮೇಲಿಂದ ಡ್ರೋನು ಬಿಡು. ಮುಗೀತು.”

ಹೀಗೆ ಒಬ್ಬ ಮನುಷ್ಯನ ಕಥೆ ಹೋಗಿ ಇಂಜಿನಿಯರ್ ಕಲ್ಪಾಕೊವ್ ಬಂದರು. ಇಪ್ಪತ್ತನೇ ತಾರೀಕು ಚಿತ್ರೀಕರಣ. ಇದು ಕೆಟ್ಟರೆ ಏಜೆನ್ಸಿಯಲ್ಲಿ ನನಗೆ ಮುಂದಿನ ವರ್ಷವೂ ಬೇರೆಯವರು ತೆಗೆದದ್ದನ್ನು ಕತ್ತರಿಸುವ ಕೆಲಸವೇ ಗತಿ.

ಜೂನ್ ಒಂಬತ್ತರ ಬಗ್ಗೆ ಆಮೇಲೆ ಬರೆಯುತ್ತೇನೆ.

ಗೊಜ್ಜಿಗೆ ಈ ಸಲ ಉಪ್ಪು ಕಡಿಮೆಯಾಗಿದೆ. ಖಾಲಿ ಸೀಸೆ ದೆಚ್ಕೊನ ಕೈಗೆ ಕೊಟ್ಟಿದ್ದೇನೆ.

ರಾಲಿ


ಲಿಪ್ನಿಕ್, ೫ ಏಪ್ರಿಲ್

ಮಹಾ ನಿರ್ದೇಶಕಿಯವರಿಗೆ,

ನೀನು ನಮ್ಮೂರಿಗೆ ಚಿತ್ತೈಸಿ ಹೋದೆ ಎಂಬುದನ್ನು ನಾನು ಪತ್ರಿಕೆಯಲ್ಲಿ ಓದಬೇಕಾಗಿರಲಿಲ್ಲ, ಏಕೆಂದರೆ ನಿನಗೆ ಗೇಟು ತೆರೆದವನು ನಾನೇ. ಬಂದ ವ್ಯಾನಿನ ನಂಬರು, ಒಳಹೊಕ್ಕ ಸಮಯ, ಹೊರಬಿದ್ದ ಸಮಯ ಎಲ್ಲವೂ ನನ್ನ ಪುಸ್ತಕದಲ್ಲಿದೆ. ‘ಮನೆಗೆ ಬಂದ ಸಮಯ’ ಎಂಬ ಅಂಕಣ ಆ ಪುಸ್ತಕದಲ್ಲಿಲ್ಲ. ಇದ್ದಿದ್ದರೂ ಖಾಲಿ ಇರುತ್ತಿತ್ತು. ಹುರುಳಿಕಾಯಿ ಸಾರು ಮಾಡಿಟ್ಟಿದ್ದೆ. ಎರಡು ದಿನ ನಾನೇ ತಿಂದೆ.

ನಾಲ್ಕು ತಾಸು ಗೇಟಿನ ಮುಂದೆಯೇ ನಿಂತೆ. ಅಷ್ಟು ದೊಡ್ಡ ಕಾರ್ಖಾನೆ ಇದೆ, ಹೊಸ ಯಂತ್ರಗಳಿವೆ, ಹಸಿರು ಬೆಂಚಿದೆ. ಯಾವುದೂ ಬೇಡವಾಯಿತು. ಕಲ್ಪಾಕೊವ್ ಹತ್ತೊಂಬತ್ತು ಸಲ “ನಮ್ಮವರು ನಮ್ಮಲ್ಲೇ ಉಳಿಯುತ್ತಾರೆ” ಎಂದ. ಹನ್ನೆರಡನೇ ಸಲ ಅವನ ಗಂಟಲು ಕಟ್ಟಿತು. ಹದಿನಾರನೇ ಸಲ “ನಮ್ಮವರು” ಎಂದವನು ಮುಂದೇನೆಂದು ನನ್ನನ್ನೇ ಕೇಳಿದ. ಅವನ ಮಗ ಇರುವುದು ಹ್ಯಾಂಬರ್ಗಿನಲ್ಲಿ, ಪಾಪ.

ಮೊನ್ನೆ ನನ್ನನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ನೀನು ಕಳುಹಿಸಿದ ಚಿತ್ರ ತೋರಿಸಿದ.

“ಹೆಂಗಿದೆಯೋ?”

“ನಿನ್ ಮುಖ ಮಸುಕಾಗಿದ್ಯಲ್ಲೋ.”

“ಕಲೆ ಅಂದ್ರೆ ಹಂಗೇ ಇರುತ್ತೆ, ನಿಂಗೊತ್ತಾಗಲ್ಲ,” ಎಂದ. ಆದರೂ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

ನನಗೆ ಕಲೆ ಗೊತ್ತಾಗುವುದಿಲ್ಲ, ಗೇಟು ಗೊತ್ತಾಗುತ್ತದೆ. ಕಲ್ಪಾಕೊವನ ಮುಖ ಮಂಜು. ಅವನ ಹಿಂದಿನ ಗೇಟು, ಅದರ ಮೇಲಿನ ಏಳು ಹಾಳೆ, ಕನ್ನಡಿಯಂತೆ ಸ್ಪಷ್ಟ. ಮಾತು ಮುಗಿಸಿ ಅವನು ಪಕ್ಕಕ್ಕೆ ಹೋದ ಮೇಲೂ ಗೇಟು ಹಾಗೇ ನಿಂತಿರುತ್ತದೆ. ಸಂಗೀತವಿಲ್ಲ. ಒಳಗಿನಿಂದ ಮುಚ್ಚಳ ಒತ್ತುವ ಸದ್ದು ಮಾತ್ರ. ನಾನು ಗಡಿಯಾರ ಹಿಡಿದು ನೋಡಿದೆ: ಹನ್ನೊಂದು ಸೆಕೆಂಡು. ಎಡದಿಂದ ಮೂರನೆಯವಳು ಗಿನ್ಕಾ. ನಿನ್ನ ಅಮ್ಮ.

ಮೂರು ನಿಮಿಷದ ಚಿತ್ರ. ನಾಲ್ಕು ತಾಸು ತೆಗೆದೆ. ಎರಡು ವಾರ ಕತ್ತರಿಸಿದೆ. ನಿನಗೆ ಅವಳು ಕಂಡಳೋ, ಕಾಣಲಿಲ್ಲವೋ? ಕಂಡಿದ್ದರೆ ಒಂದು ಮಾತು ಬರೆಯಬಾರದೇ? ಕಾಣದಿದ್ದರೆ, ಅದನ್ನು ಬರೆಯುವುದು ಬೇಡ.

ಉಪ್ಪು ಹಾಕುತ್ತಿದ್ದವಳು ಅವಳು. ನನಗೆ ಅಳತೆ ಗೊತ್ತಿಲ್ಲ.

ಲಾಲ್ಯು


ಸೋಫಿಯಾ, ೧೪ ಏಪ್ರಿಲ್

ಅಪ್ಪಾ,

ಕುಳಿತುಕೊಂಡು ಓದು. ಬೆಂಚಿನ ಬಣ್ಣ ಒಣಗಿರಬಹುದು.

ವಿಯೆನ್ನಾದವರಿಗೆ ಚಿತ್ರ ತುಂಬಾ ಹಿಡಿಸಿದೆ. ಅದರಲ್ಲೂ ಗೇಟು. ದೊಡ್ಡ ಯಜಮಾನರು ಹೆರ್ ಪ್ರಾಂಟಲ್ ಸ್ವತಃ ಪತ್ರ ಬರೆದಿದ್ದಾರೆ. ಸಾರಾಂಶ ಹೀಗಿದೆ: ನಿಮ್ಮ ಅತ್ಯುತ್ತಮ ಕೆಲಸಗಾರರ ಭಾವಚಿತ್ರಗಳನ್ನು ಕಾರ್ಖಾನೆಯ ಬಾಗಿಲಲ್ಲೇ ಹಾಕಿ ಗೌರವಿಸುವ ಪದ್ಧತಿ ನನ್ನ ಮನ ಕಲಕಿತು. ಕಪ್ಪು ಚೌಕಟ್ಟು ಬಹಳ ಗಂಭೀರವಾಗಿದೆ. ಪ್ರತಿಯೊಬ್ಬರ ಸೇವಾವಧಿಯನ್ನು ದಪ್ಪ ಅಂಕಿಯಲ್ಲಿ ನಮೂದಿಸಿರುವುದು ಮಾದರಿ. ಈ ಏಳೂ ಮಂದಿಯನ್ನು ಪ್ಲೊವ್ದಿವ್‌ಗೆ ಕರೆಸಿ. ವೇದಿಕೆಯ ಮೇಲೆ ನಾನೇ ಅವರ ಕೈ ಕುಲುಕಬೇಕು.

ಅವರಿಗೆ ನಮ್ಮ ಲಿಪಿ ಓದಲು ಬರುವುದಿಲ್ಲ. ಹಾಳೆಗಳ ಮೇಲ್ತುದಿಯ ಶಿಲುಬೆ ನನ್ನ ಕ್ಯಾಮೆರಾದ ಕಣ್ಣಿಗೆ ಬೀಳದೆ ಹೊರಗೇ ಉಳಿದಿತ್ತು. ಅವರ ತಪ್ಪೇನಿಲ್ಲ.

ನಾನು ಮುಖ್ಯಸ್ಥನ ಬಳಿ ಓಡಿದೆ. “ಅವ್ರೆಲ್ಲಾ ಸತ್ತೋಗಿದಾರೆ ಸಾರ್!” ಎಂದೆ.

“ಯಾರು?”

“ಏಳೂ ಜನ!”

ಆತ ಕಾಫಿ ಕಲಕಿದ. ಆತನ ಬದುಕಿನಲ್ಲಿ ಕಲಕದೆ ತೆಗೆದುಕೊಂಡ ನಿರ್ಧಾರವಿಲ್ಲ. “ನೋಡಮ್ಮಾ, ಗಿರಾಕಿ ಖುಷಿಯಾಗಿದಾನೆ. ಖುಷಿಯಾಗಿರೋ ಗಿರಾಕಿಗೆ ಸಾವಿನ ಸುದ್ದಿ ಯಾಕೆ? ಅದು ಕಾರ್ಖಾನೆಯವ್ರ ತಲೆನೋವು.”

ಕಾರ್ಖಾನೆಯವರಿಗೆ, ಎಂದರೆ ಕಲ್ಪಾಕೊವ್ ಅವರಿಗೆ, ಫೋನು ಮಾಡಿದೆ. ಅವರು ಆಗಲೇ ವಿಯೆನ್ನಾಕ್ಕೆ ಉತ್ತರ ಕಳುಹಿಸಿಬಿಟ್ಟಿದ್ದರು: “ಸಂತೋಷದಿಂದ ಕರೆತರುತ್ತೇವೆ.”

“ಇಂಜಿನಿಯರ್ ಸಾರ್, ಹೇಗೆ ಕರ್ಕೊಂಡ್ ಬರ್ತೀರಿ?” ಎಂದೆ.

“ರಾಲಿ, ಮೂವತ್ತು ವರ್ಷದಲ್ಲಿ ನಾನು ಮೇಲಿನವ್ರಿಗೆ ಇಲ್ಲ ಅಂದಿಲ್ಲಮ್ಮ. ಹೆಂಗನ್ನಬೇಕು ಅಂತ ಗೊತ್ತಿಲ್ಲ,” ಎಂದರು.

ಸಮಾವೇಶ ಮೇ ಹದಿನಾಲ್ಕಕ್ಕೆ. ನನಗೆ ಆವತ್ತು ವಾರ್ನಾದಲ್ಲಿ ಬೇರೆ ಚಿತ್ರೀಕರಣವಿದೆ.

ನಿನ್ನ ಪ್ರಶ್ನೆ ನನಗೆ ತಲುಪಿದೆ.

ರಾಲಿ


ಲಿಪ್ನಿಕ್, ೨೬ ಏಪ್ರಿಲ್

ರಾಲಿ,

ತಲುಪಿದೆಯಂತೆ! ಅಂಚೆ ಇಲಾಖೆಯವರೂ ಹೀಗೇ ಬರೆಯುತ್ತಾರೆ. ಅವರಾದರೂ ಮುದ್ರೆ ಒತ್ತುತ್ತಾರೆ.

ಇಲ್ಲಿಯ ವರದಿ ಒಪ್ಪಿಸುತ್ತೇನೆ. ಕಲ್ಪಾಕೊವ್ ಮೂರು ಯೋಜನೆ ಹಾಕಿದ. ಮೊದಲನೆಯದು, ಹಾಳೆಗಳನ್ನು ಕಿತ್ತು, ಗೇಟಿಗೆ ಬಣ್ಣ ಹೊಡೆದು, ಚಿತ್ರ ಮತ್ತೆ ತೆಗೆಸುವುದು. ಬಣ್ಣದ ಡಬ್ಬಿ ಹಿಡಿದು ಬಂದ. ಬೆಂಚಿಗೆ ಬಳಿದು ಮಿಕ್ಕ ಹಸಿರು.

“ಸರಿ, ಕೀಳು,” ಎಂದೆ.

“ನಾನಾ? ನೀನು ಕೀಳೋ. ನೀನು ಕಾವಲುಗಾರ.”

“ಕಾವಲುಗಾರ ಕಾಯೋನು ಕಣೋ, ಕೀಳೋನಲ್ಲ.”

ಇಬ್ಬರೂ ಏಳು ಮುಖಗಳ ಮುಂದೆ ನಿಂತೆವು. ಮಳೆ, ಗಾಳಿ ತೆಗೆದರೆ ತೆಗೆಯಲಿ, ಮನುಷ್ಯನ ಕೈ ತೆಗೆಯಬಾರದು, ಮನೆಯವರು ಹೊಸದನ್ನು ಅಂಟಿಸುವಾಗ ಬಿಟ್ಟು. ಇದು ಅವನಿಗೂ ಗೊತ್ತು. ಬಲತುದಿಯಲ್ಲಿರುವುದು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ. ಡಬ್ಬಿ ಹಿಡಿದುಕೊಂಡು ವಾಪಸು ಹೋದ.

ಎರಡನೆಯ ಯೋಜನೆ ಇನ್ನೂ ಘನವಾದದ್ದು. ಬದುಕಿರುವ ಏಳು ಮಂದಿಯನ್ನು ಸತ್ತವರ ಹೆಸರಿನಲ್ಲಿ ವೇದಿಕೆ ಹತ್ತಿಸುವುದು! ಪ್ಯಾಕಿಂಗ್ ವಿಭಾಗದ ಸ್ತಾನಾಳನ್ನು ಕರೆದು, “ನೀನು ಗಿನ್ಕಾ ಆಗ್ತೀಯಾ?” ಎಂದು ಕೇಳಿದ. ಸ್ತಾನಾ ಮೂರು ಸಲ ಶಿಲುಬೆಯ ಗುರುತು ಮಾಡಿ, ನಾಲ್ಕನೆಯದಕ್ಕೆ ಅವನ ಮೇಲೆ ಒಂದು ಪೆಟ್ಟಿಗೆ ತುಂಬ ಮುಚ್ಚಳಗಳನ್ನು ಎಸೆದಳು. ಎಲ್ಲವೂ ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾದವು.

ಮೂರನೆಯದು ಹೀಗೆ. ಏಳು ಮನೆಗಳಿಂದ ಒಬ್ಬೊಬ್ಬರು ಬಂದು ಮೊದಲ ಸಾಲಿನಲ್ಲಿ ಕೂರುವುದು. ಹೆಸರು ಕೂಗಿದಾಗ ಎದ್ದು, ‘ಅವರ ಪರವಾಗಿ’ ಕೈ ಕುಲುಕುವುದು. ಯಾಕೆ ಪರವಾಗಿ ಎಂದು ಯಾರೂ ಬಾಯಿ ಬಿಡಕೂಡದು. ಅಳಕೂಡದು. ಕಪ್ಪು ಬಟ್ಟೆ ಉಡಕೂಡದು.

“ಮತ್ತೆ ಗಿನ್ಕಾಳ ಹಾಳೆ?” ಎಂದೆ. “ಜೂನ್ ಒಂಬತ್ತಕ್ಕೆ ನಾನು ಬದಲಾಯಿಸ್ಬೇಕು.”

“ಸಮಾವೇಶ ಮುಗೀಲಿ ಕಣೋ. ಅಲ್ಲೀತನಕ ಗೇಟು ಚಿತ್ರದಲ್ಲಿ ಹೆಂಗಿದ್ಯೋ ಹಂಗೇ ಇರ್ಬೇಕು. ಆಮೇಲೆ ಗೇಟು ನಿಂದು.”

ಒಪ್ಪಿದೆ. ಈಸ್ಟರಿನ ಮೊಟ್ಟೆಗೆ ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಕಟ್ಟುತ್ತಿದ್ದೇನೆ. ಆರು ಮೊಟ್ಟೆ ನಿನಗೆ ಇಟ್ಟಿದ್ದೇನೆ. ಸಮಾವೇಶದ ದಿನ ಕೈಗೆ ಕೊಡೋಣವೆಂದರೆ, ನೀನಿರುವ ವಾರ್ನಾಕ್ಕೆ ನಮ್ಮ ಕಡೆಯಿಂದ ಬಸ್ಸಿಲ್ಲ, ಗೊತ್ತು.

ಲಾಲ್ಯು


ಲಿಪ್ನಿಕ್, ೧೭ ಮೇ

ರಾಲಿ,

ನಿನ್ನ ಚಿತ್ರ ನೋಡಲು ನೀನೊಬ್ಬಳೇ ಇರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಒಗ್ಗರಣೆ ಇಲ್ಲದೆ.

ದೊಡ್ಡ ಹೋಟೆಲು. ಕಾಲಿಟ್ಟರೆ ಹೂತುಹೋಗುವಂಥ ಬಿಳಿ ಕಾರ್ಪೆಟ್ಟು. ಇನ್ನೂರು ಜನ. ನಮ್ಮ ಕಾರ್ಖಾನೆಯವರು, ನಮ್ಮ ಮುಚ್ಚಳ ಕೊಳ್ಳುವ ಉಪ್ಪಿನಕಾಯಿ ಕಂಪನಿಯವರು, ವ್ಯಾಪಾರಿಗಳು, ಎಲ್ಲರೂ ಈ ದೇಶದವರೇ; ಅವರ ಹೊರತು ವಿಯೆನ್ನಾದವರು ನಾಲ್ಕೇ ಮಂದಿ. ಮೊದಲು ನಲವತ್ತೆರಡು ಪುಟ ತೋರಿಸಿದರು. ಹದಿನೆಂಟನೇ ಪುಟದಲ್ಲಿ ಕೈ ಕುಲುಕಿದಾಗ ನನ್ನ ಪಕ್ಕದವನು ಗೊರಕೆ ಹೊಡೆದ. ಆಮೇಲೆ ಎಲ್ಲರ ಕೈಗೂ ಒಂದೊಂದು ಲೋಟ ಕೆಂಪು ವೈನು ಕೊಟ್ಟು, ಚಿತ್ರ ಮುಗಿದ ಮೇಲೆ ಕುಡಿಯಬೇಕು ಎಂದು ಹೇಳಿ, ದೀಪ ಆರಿಸಿದರು.

ಕಲ್ಪಾಕೊವ್ ಮಂಜಿನೊಳಗಿಂದ “ನಮ್ಮವರು ನಮ್ಮಲ್ಲೇ ಉಳಿಯುತ್ತಾರೆ” ಎಂದ. ಪಕ್ಕಕ್ಕೆ ಸರಿದ. ಗೇಟು ಬಂತು. ಮನೆಗಿಂತ ದೊಡ್ಡ ಪರದೆಯ ಮೇಲೆ ಏಳು ಮುಖ. ಮುಚ್ಚಳ ಒತ್ತುವ ಸದ್ದು. ಹಿಂದಿನ ಸಾಲಿನವರೆಗೂ ಗುಸುಗುಸು ನಿಂತುಹೋಯಿತು. ಹಾಳೆ ಏನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಹನ್ನೊಂದು ಸೆಕೆಂಡು ಎಷ್ಟು ಉದ್ದವಿರುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ದೀಪ ಬಂತು. ಹೆರ್ ಪ್ರಾಂಟಲ್ ವೇದಿಕೆ ಹತ್ತಿದರು. ತೆಳ್ಳಗಿನ, ಒಳ್ಳೆಯ ಮುಖದ ಮುದುಕ. ಕಾಗದ ನೋಡಿಕೊಂಡು, ನಾಲಿಗೆ ಕಷ್ಟಪಡಿಸಿಕೊಂಡು ಮೊದಲ ಹೆಸರು ಕೂಗಿದರು: “ದೊಂಚೊ ಮಾರಿನೊವ್!”

ಮಗಳೇ, ಸತ್ತವರ ಹೆಸರು ಕಿವಿಗೆ ಬಿದ್ದರೆ ನಮ್ಮ ಬಾಯಿ ನಮ್ಮ ಮಾತು ಕೇಳುತ್ತದೆಯೇ? ಇಡೀ ಸಭೆ ಎದ್ದು ನಿಂತಿತು. ಇನ್ನೂರು ಬಾಯಿ ಒಟ್ಟಿಗೆ, “ದೇವ್ರು ಕ್ಷಮಿಸ್ಲಿ!” ಎಂದಿತು. ಇನ್ನೂರು ಲೋಟ ಓರೆಯಾಯಿತು. ಸತ್ತವರ ಪಾಲಿನ ಒಂದೊಂದು ಹನಿ ನೆಲಕ್ಕೆ ಬಿತ್ತು. ನೆಲ ಎಂದರೆ ಆ ಬಿಳಿ ಕಾರ್ಪೆಟ್ಟು. ಬಾಗಿಲ ಬಳಿ ಹೋಟೆಲಿನ ಮೇಲ್ವಿಚಾರಕ ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಹೆರ್ ಪ್ರಾಂಟಲ್ ಬೆರಗಾದರು. ಎರಡನೇ ಹೆಸರು. “ದೇವ್ರು ಕ್ಷಮಿಸ್ಲಿ!” ಹನಿ. ಮೂರನೇ ಹೆಸರು ಗಿನ್ಕಾಳದು. ನಾನು ಕೂಗಲಾರದೆ ಹೋದೆ. ಉಳಿದ ನೂರಾ ತೊಂಬತ್ತೊಂಬತ್ತು ಜನ ನನ್ನ ಪಾಲಿನದನ್ನೂ ಕೂಗಿದರು. ನಾಲ್ಕನೆಯ ಹೆಸರಿಗೆ ಹೆರ್ ಪ್ರಾಂಟಲ್ ತಾವೂ ಲೋಟ ಓರೆ ಮಾಡಿದರು. ಏಳನೆಯದಕ್ಕೆ ನಮ್ಮ ಜೊತೆ ಸೇರಿ, ಮುರುಕು ಉಚ್ಚಾರದಲ್ಲಿ “ದೇವ್ರು ಕ್ಷಮಿಸ್ಲಿ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಸಂಸ್ಥೆಯ ಜಯಘೋಷವೆಂದು ತಿಳಿದಿದ್ದರು.

ಆಮೇಲೆ ಮೊದಲ ಸಾಲಿಗೆ ಇಳಿದು, ಒಬ್ಬೊಬ್ಬರ ಕೈ ಕುಲುಕುತ್ತಾ ನನ್ನ ಬಳಿ ಬಂದರು. ದುಭಾಷಿ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು, “ಇವ್ರು ಕೇಳ್ತಿದಾರೆ, ಶ್ರೀಮತಿ ಗಿನ್ಕಾ ಯಾಕೆ ಬರ್ಲಿಲ್ಲ ಅಂತ.”

ಕಲ್ಪಾಕೊವ್ ದೂರದಿಂದ ಕೈ ಮುಗಿಯುತ್ತಿದ್ದ.

“ಅವ್ಳು ಈಗ ಊರು ಬಿಟ್ಟು ಎಲ್ಲಿಗೂ ಬರಲ್ಲ ಸ್ವಾಮೀ,” ಎಂದೆ.

ಹುಡುಗಿ ಅಷ್ಟನ್ನೇ ಅನುವಾದಿಸಿದಳು. ಹೆರ್ ಪ್ರಾಂಟಲ್ ಎದೆಯ ಮೇಲೆ ಕೈಯಿಟ್ಟು ಸಭೆಯ ಕಡೆ ತಿರುಗಿ, “ಕೇಳಿದಿರಾ? ಇದೇ ನಮ್ಮ ಸಂದೇಶ!” ಎಂದರು. ಇಪ್ಪತ್ತು ವರ್ಷದಲ್ಲಿ ಯಾವ ಸಮಾವೇಶದಲ್ಲೂ ಸಂದೇಶ ಹೀಗೆ ಜನರ ಮನಸ್ಸಿಗೆ ನೇರವಾಗಿ ತಲುಪಿರಲಿಲ್ಲವಂತೆ. ಈ ಚಿತ್ರ ತೆಗೆದವರು ಯಾರು, ಅವರನ್ನು ಕರೆಯಿರಿ ಎಂದರು. ವಾರ್ನಾದಲ್ಲಿದ್ದಾಳೆ ಎಂದೆವು.

ನೀನು ಗೆದ್ದಿದ್ದೀ. ಅಭಿನಂದನೆ. ನನಗೆ ಇನ್ನೂ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಲಾಲ್ಯು


ಸೋಫಿಯಾ, ೨೫ ಮೇ

ಅಪ್ಪಾ,

ವಾರ್ನಾದಲ್ಲಿ ಚಿತ್ರೀಕರಣ ಇರಲಿಲ್ಲ. ಮನೆಯಲ್ಲೇ ಇದ್ದೆ.

ಅಮ್ಮ ಕಂಡಳು. ವ್ಯಾನಿನಿಂದ ಇಳಿಯುವ ಮೊದಲೇ ಕಂಡಳು. ಕಳೆದ ಜೂನಿನಲ್ಲಿ ‘ಒಂದು ವರ್ಷ’ ಎಂಬ ಅಂಕಿಯ ಪಕ್ಕದಲ್ಲಿ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೆ ಹೂವು ಕಳುಹಿಸಿದೆ. ಈ ಸಲ ನಡುವೆ ಕ್ಯಾಮೆರಾದ ಮಸೂರ ಇತ್ತು. ಇಂಜಿನಿಯರ್ ಮಾತಾಡುತ್ತಿದ್ದಾಗ ನಾನು ಸ್ಪಷ್ಟ ಮಾಡಿಕೊಳ್ಳುತ್ತಿದ್ದದ್ದು ಅವಳನ್ನು. ಅವರು ಮೊದಲನೇ ಸಲಕ್ಕೇ ಸರಿಯಾಗಿ ಹೇಳಿದ್ದರು. ಉಳಿದ ಹದಿನೆಂಟು ಸಲ ನನಗಾಗಿ ಹೇಳಿಸಿದ್ದು. ಅವರಿಗೆ ತಿಳಿಸಬೇಡ.

ಮನೆಗೆ ಬಂದಿದ್ದರೆ ನಡುವೆ ಏನೂ ಇರುತ್ತಿರಲಿಲ್ಲ. ಅದಕ್ಕೇ ಬರಲಿಲ್ಲ. ಸಾರಿನ ವಾಸನೆ ಗೇಟಿನವರೆಗೂ ಬರುತ್ತಿತ್ತು.

ಹೊಸ ಹಾಳೆಗೆ ಒಂದು ಸಾಲು ಬರೆದಿದ್ದೇನೆ. ನಿನಗೆ ಒಪ್ಪಿಗೆಯಾದರೆ ಅಚ್ಚಿಗೆ ಕೊಡು: ‘ಎರಡು ವರ್ಷ. ಗಿನ್ಕಾ ತಟ್ಟಿ ನೋಡದ ಮುಚ್ಚಳವನ್ನು ನಾವು ಇಂದಿಗೂ ಪೂರ್ತಿ ನಂಬುವುದಿಲ್ಲ. ಗಂಡ ಲಾಲ್ಯು, ಮಗಳು ರಾಲಿತ್ಸಾ.’

ಈಗ ಕೆಟ್ಟ ಸುದ್ದಿ. ಹೆರ್ ಪ್ರಾಂಟಲ್ ಅಷ್ಟಕ್ಕೇ ಬಿಟ್ಟಿಲ್ಲ. ಗೇಟಿನ ‘ಗೌರವ ಫಲಕ’ ಮಳೆಯಲ್ಲಿ ನೆನೆಯುತ್ತಿರುವುದು ಅವರಿಗೆ ನೋವಾಗಿದೆ. ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ದೀಪ ಇಡಿಸಿ ಕಳುಹಿಸುತ್ತಿದ್ದಾರೆ. ಪ್ರತಿ ವರ್ಷ ಒಬ್ಬ ಹೊಸಬರ ಚಿತ್ರ ಸೇರಿಸಬೇಕಂತೆ. ಈ ವರ್ಷ ಆಯ್ಕೆಯಾದವರು ಇಂಜಿನಿಯರ್ ಕಲ್ಪಾಕೊವ್. ಉಳಿದವುಗಳಿಗೆ ಹೊಂದುವಂತೆ, ಕಪ್ಪು ಚೌಕಟ್ಟಿನಲ್ಲಿ.

ಎಂಟನೇ ತಾರೀಕು ಶನಿವಾರ ದೆಚ್ಕೊನ ಬಸ್ಸಿನಲ್ಲಿ ಬರುತ್ತೇನೆ. ಕ್ಯಾಮೆರಾ ತರುವುದಿಲ್ಲ.

ನಿನ್ನ
ರಾಲಿ


ಲಿಪ್ನಿಕ್, ೩೧ ಮೇ

ಮಗಳೇ ರಾಲಿ,

ನಿನ್ನ ಕಾಗದ ಎರಡು ಸಲ ಓದಿದೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ನೀನು ಬಂದ ಮೇಲೂ ಮಾತಾಡುವುದಿಲ್ಲ. ಸಾರು ಮಾಡುತ್ತೇನೆ. ಸಾಲನ್ನು ಅಚ್ಚಿಗೆ ಕೊಟ್ಟೆ. ಮುದ್ರಣದವನು “ಇದೇನು ಲಾಲ್ಯು, ಎಲ್ರೂ ‘ಅಗಲಿಕೆಯ ನೋವಿನಲ್ಲಿ’ ಅಂತ ಹಾಕಿಸ್ತಾರಲ್ಲಾ?” ಎಂದ. “ನೀನು ಅಚ್ಚು ಹಾಕಯ್ಯಾ,” ಎಂದೆ.

ಪೆಟ್ಟಿಗೆ ಸೋಮವಾರ ಬಂತು. ವಿಯೆನ್ನಾದಿಂದಲೇ ಇಬ್ಬರು ಬಂದು ಕೂರಿಸಿ ಹೋದರು. ಏಳು ಹಾಳೆಗಳನ್ನು ಮುಟ್ಟಲಿಲ್ಲ, ಅವುಗಳ ಮೇಲೇ ಗಾಜು ಜಡಿದರು. ಎಂಟನೆಯದಾಗಿ, ನಗುನಗುತ್ತಾ, ಕಪ್ಪು ಚೌಕಟ್ಟಿನೊಳಗೆ, ‘೩೦’ ಎಂಬ ಅಂಕಿಯ ಸಮೇತ, ಕಲ್ಪಾಕೊವ್.

ಮಂಗಳವಾರ ಬೆಳಗ್ಗೆ ಅವನ ಮನೆ ಬಾಗಿಲಿಗೆ, ಸಾವಾದ ಮನೆಗೆ ಒಯ್ಯುವ ಬೇಯಿಸಿದ ಗೋಧಿ ಬರತೊಡಗಿತು, ಮೇಲೆ ಸಕ್ಕರೆ ಉದುರಿಸಿ. ಅವನ ಹೆಂಡತಿ ಮೊದಲ ತಟ್ಟೆಯನ್ನು ತಿಂಡಿಯೆಂದು ತೆಗೆದುಕೊಂಡಳಂತೆ, ಎರಡನೆಯದಕ್ಕೆ ಕಿರುಚಿದಳಂತೆ. ಕಲ್ಪಾಕೊವ್ ಗೇಟಿಗೆ ಓಡಿಬಂದ. ಪೆಟ್ಟಿಗೆಯ ಮುಂದೆ ನೆದಾ ಅಜ್ಜಿ ಮೇಣದಬತ್ತಿ ಹಚ್ಚುತ್ತಿದ್ದಳು.

“ಅಜ್ಜೀ, ಏನ್ಮಾಡ್ತಿದೀಯ? ನಾನು ಬದುಕಿದೀನಿ!”

ಅಜ್ಜಿ ಅವನನ್ನು ನೋಡಿದಳು, ಚಿತ್ರವನ್ನು ನೋಡಿದಳು. “ಮೊದ್ಲು ಮೊದ್ಲು ಎಲ್ರಿಗೂ ಹಂಗೇ ಅನ್ಸುತ್ತೆ ಮಗಾ,” ಎಂದು ಬತ್ತಿ ಸರಿಯಾಗಿ ನಿಲ್ಲಿ‍ಸಿ ಹೊರಟುಹೋದಳು.

ಅಂದಿನಿಂದ ಅವನು ಹಿಂಬಾಗಿಲಲ್ಲಿ ಕೆಲಸಕ್ಕೆ ಬರುತ್ತಿದ್ದಾನೆ. ಕೊನೆಗೂ ವಿಯೆನ್ನಾಕ್ಕೆ ಜೀವಮಾನದ ಮೊದಲ ‘ಇಲ್ಲ’ ಬರೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಏಳು ಮಂದಿ ಯಾರು, ಹಾಳೆ ಎಂದರೇನು, ಸಭೆ ಏನೆಂದು ಕೂಗಿತು, ಎಲ್ಲವನ್ನೂ ಬರೆದು, ಪೆಟ್ಟಿಗೆ ತೆರೆಯಲು ಅನುಮತಿ ಬೇಡಿದ. ಉತ್ತರ ಯಂತ್ರದಿಂದ ಬಂತು: ಫಲಕದಲ್ಲಿ ಬದಲಾವಣೆಯ ಕೋರಿಕೆಗಳನ್ನು ಬಂದ ಸರದಿಯಂತೆ ಪರಿಶೀಲಿಸಲಾಗುವುದು, ಮೂವತ್ತು ಕೆಲಸದ ದಿನ ಕಾಯಿರಿ.

ಎಂದರೆ ಜುಲೈ. ನಿನ್ನ ಅಮ್ಮ ಗಾಜಿನ ಹಿಂದೆ, ವಿದ್ಯುದ್ದೀಪದ ಕೆಳಗೆ, ‘ಒಂದು ವರ್ಷ’ದಲ್ಲೇ ಸಿಕ್ಕಿಹಾಕಿಕೊಂಡು ಕೂರಬೇಕಂತೆ. ಅವಳು ಹೋಗಿ ಎಷ್ಟು ದಿನವಾಯಿತೆಂದು ಲೆಕ್ಕ ಇಡುವುದು ಯಾರ ಕೆಲಸ, ನನ್ನದೋ ವಿಯೆನ್ನಾದ್ದೋ? ಗಾಜಿನ ಮೇಲೆ ಅಂಟಿಸು ಎಂದ ಕಲ್ಪಾಕೊವ್. ಗಾಜಿನ ಮೇಲೆ ಅಂಟಿಸಿದರೆ ಅದು ಸೋಪಿನ ಜಾಹೀರಾತು. ಹಾಳೆ ಗೇಟಿಗೇ ಹತ್ತಬೇಕು.

ಆದ್ದರಿಂದ ಭಾನುವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಊರೆಲ್ಲಾ ನೋಡುತ್ತಿರುವಾಗಲೇ, ನಾವು ಪೆಟ್ಟಿಗೆ ತೆರೆಯುತ್ತೇವೆ. ಕಲ್ಪಾಕೊವ್ ಏಣಿ ಹಿಡಿಯುತ್ತಾನೆ. ಮೊದಲು ತನ್ನದನ್ನೇ ತೆಗೆಯಬೇಕೆಂದು ಹಟ ಮಾಡಿದ. ಮೊದಲು ಗಿನ್ಕಾಳದು ಎಂದು ಒಪ್ಪಿಸಿದ್ದೇನೆ. ನೀನು ಹಾಳೆಯ ಮೇಲಂಚು ಹಿಡಿ, ನಾನು ಕೆಳಗಿನಿಂದ ಗೋಂದು ಸವರುತ್ತೇನೆ. ಆ ಕೆಲಸ ಒಬ್ಬನಿಂದ ನೆಟ್ಟಗೆ ಆಗುವುದಿಲ್ಲ. ಕಳೆದ ವರ್ಷ ಓರೆಯಾದದ್ದು ಅದಕ್ಕೇ.

ಒಂದೇ ಅಡ್ಡಿ. ಪೆಟ್ಟಿಗೆಯ ಹನ್ನೆರಡು ಸ್ಕ್ರೂಗಳ ತಲೆ ವಿಚಿತ್ರವಾಗಿದೆ: ಆರು ಮೂಲೆಯ ನಕ್ಷತ್ರ, ನಡುವೆ ಒಂದು ಸಣ್ಣ ಮೊಳೆ. ನಮ್ಮ ಎಲೆಕ್ಟ್ರಿಷಿಯನ್ನಿನ ಬಳಿ ಇರುವುದು ಯಾವುದೂ ಕೂರುತ್ತಿಲ್ಲ. ಸೋಫಿಯಾದ ಯಾವುದಾದರೂ ಕಬ್ಬಿಣದ ಅಂಗಡಿಯಲ್ಲಿ ನಕ್ಷತ್ರದ ತುದಿಯ, ತುದಿಯ ನಡುವೆ ತೂತಿರುವ ಸ್ಕ್ರೂಡ್ರೈವರ್ ಕೇಳು. ನಂಬರು ಇಪ್ಪತ್ತು. ತೂತಿಲ್ಲದ್ದು ಕೊಟ್ಟರೆ ತೆಗೆದುಕೊಳ್ಳಬೇಡ. ಶನಿವಾರ ಬರುವಾಗ ಮರೆಯದೆ ತಾ.

ನಿನ್ನ ಅಪ್ಪ
ಲಾಲ್ಯು